ಕೊಡೆಯಕ್ಕ ಬಾವಲಿಗಳನ್ನು ಬೀಳ್ಕೊಟ್ಟದ್ದು

ಆ ಬೀದಿಯಲ್ಲಿ ಅವಳ ನಿಜವಾದ ಹೆಸರು ಗೊತ್ತಿದ್ದವರು ಮೂರೋ ನಾಲ್ಕೋ ಮಂದಿ. ಉಳಿದವರಿಗೆಲ್ಲ ಅವಳು ಕೊಡೆಯಕ್ಕ. ಮುರಿದ ಕೊಡೆಗಳನ್ನು ಸರಿಮಾಡುವುದು ಅವಳ ಕಸುಬು. ಅಪ್ಪನಿಂದ ಕೈಗೆ ಬಂದದ್ದು. ಔಷಧದಂಗಡಿಗೂ ಚಪ್ಪಲಿ ಅಂಗಡಿಗೂ ನಡುವೆ, ಮೆಟ್ಟಿಲ ಅಡಿಯಲ್ಲಿ, ಎದ್ದು ನಿಂತರೆ ನೆತ್ತಿ ತಾಗುವಂಥ ಒಂದು ಗೂಡಂಗಡಿ. ಅಪ್ಪ ಅಲ್ಲಿ ಕೂತು ನಲವತ್ತು ವರ್ಷ ಕೊಡೆಕಡ್ಡಿ ನೆಟ್ಟಗೆ ಮಾಡಿದ್ದ. ಕಣ್ಣಿಗೆ ಪೊರೆ ಬಂದು ಸೂಜಿಗೆ ದಾರ ಪೋಣಿಸಲು ಆಗದೆ ಹೋದಾಗ ಮಗಳು ಪಕ್ಕದಲ್ಲಿ ಕೂತು ಪೋಣಿಸಿಕೊಡತೊಡಗಿದಳು. ವರ್ಷ ತುಂಬುವುದರೊಳಗೆ ಪೋಣಿಸುವವಳೂ ಅವಳೇ, ಹೊಲಿಯುವವಳೂ ಅವಳೇ. ಅಪ್ಪ ಗಿರಾಕಿಗಳ ಜೊತೆ ಹರಟೆ ಹೊಡೆಯುವುದಕ್ಕೆ ಮಾತ್ರ ಎಂಬಂತಾಯಿತು. ಅವನು ತೀರಿಕೊಂಡ ವಾರ ಬಿಟ್ಟರೆ ಆ ಅಂಗಡಿಯ ಬಾಗಿಲು ಮುಚ್ಚಿದ್ದನ್ನು ಕಂಡವರಿಲ್ಲ.

ಮದುವೆ ತಡವಾಗಿಯೇ ಆಯಿತು. ಅವಳಿಗೆ ಮೂವತ್ತನಾಲ್ಕು ತುಂಬಿದ ವರ್ಷ ಒಬ್ಬ ಬಸ್ ಡ್ರೈವರ್ ಒಂದೇ ಕೊಡೆಯನ್ನು ಒಂದೇ ತಿಂಗಳಲ್ಲಿ ನಾಲ್ಕು ಸಲ ರಿಪೇರಿಗೆ ತಂದ. ನಾಲ್ಕನೆಯ ಸಲ ಅವಳು ಕಡ್ಡಿಯನ್ನು ಬೆಳಕಿಗೆ ಹಿಡಿದು ನೋಡಿ, ಇದು ಗಾಳಿಗೆ ಮುರಿದದ್ದಲ್ಲ, ಯಾರೋ ಮೊಣಕಾಲಿಗೆ ಕೊಟ್ಟು ಮುರಿದದ್ದು ಎಂದಳು. ಡ್ರೈವರ್ ನೆಲ ನೋಡಿದ. ಅದೇ ವರ್ಷ ಮದುವೆಯಾಯಿತು. ಅವನ ತಾಯಿ ಆಮೇಲೆ ಬಂದುಹೋದವರಿಗೆಲ್ಲ ಹೇಳುತ್ತಿದ್ದಳು, ನಮ್ಮ ಮನೆಯಲ್ಲಿ ಕೊಡೆ ಉಳಿಯಲಿ ಅಂತಲೇ ಈ ಸೊಸೆಯನ್ನು ತಂದದ್ದು ಎಂದು.

ಮೂವರೂ ಇದ್ದದ್ದು ಹೆಂಚಿನ ಮಾಡಿನ ಹಳೆಯ ಮನೆ. ಕೆಳಗೆ ಎರಡು ಕೋಣೆ, ಒಂದು ಅಡುಗೆಮನೆ. ನಡುಕೋಣೆಯ ಮೂಲೆಯಲ್ಲಿ ಕಿರಿದಾದ ಮರದ ಏಣಿ. ಅದನ್ನು ಹತ್ತಿ, ತಲೆಯಿಂದ ಹಲಗೆ ಬಾಗಿಲನ್ನು ನೂಕಿದರೆ ಅಟ್ಟ. ಮನೆ ಕೊಳ್ಳುವಾಗ ಡ್ರೈವರಿಗೆ ಹಿತ್ತಲು ಹಿಡಿಸಿತ್ತು, ಅತ್ತೆಗೆ ಬೀದಿ ಕಾಣುವ ಜಗುಲಿ ಹಿಡಿಸಿತ್ತು, ಕೊಡೆಯಕ್ಕನಿಗೆ ಹಿಡಿಸಿದ್ದು ಆ ಅಟ್ಟ. ಮೂರು ಸತ್ತ ಕೊಡೆಗಳಿಂದ ಒಂದು ಬದುಕಿದ ಕೊಡೆ ಎಬ್ಬಿಸುವವಳು ಅವಳು. ಯಾವುದನ್ನೂ ಎಸೆಯುತ್ತಿರಲಿಲ್ಲ. ಕಡ್ಡಿಗಳನ್ನು ಉದ್ದದ ಪ್ರಕಾರ ಕಟ್ಟುಕಟ್ಟಾಗಿ, ಹಿಡಿಗಳನ್ನು ಬುಟ್ಟಿಯಲ್ಲಿ, ಬಟ್ಟೆಯನ್ನು ಬಣ್ಣದ ಪ್ರಕಾರ ಮಡಿಸಿ ಅಟ್ಟದಲ್ಲಿ ಜೋಡಿಸಿಟ್ಟಿದ್ದಳು. ಕತ್ತಲಲ್ಲಿ ಕೈ ಹಾಕಿದರೂ ಬೇಕಾದದ್ದೇ ಸಿಗುತ್ತಿತ್ತು.

ಆ ಮನೆಗೆ ಬಂದ ಎರಡನೆಯ ವರ್ಷ, ಬಿಸಿಲು ಏರತೊಡಗಿದ ಒಂದು ಬೆಳಿಗ್ಗೆ ನೀಲಿ ಬಟ್ಟೆಗೆಂದು ಕೈಹಾಕಿದಾಗ ಬೆರಳಿಗೆ ಜೀರಿಗೆಯಂಥ ಕಪ್ಪು ಕಾಳುಗಳು ತಾಗಿದವು. ಇಲಿ ಹಿಕ್ಕೆ ಎಂದುಕೊಂಡಳು. ಟಾರ್ಚ್ ಮೇಲೆತ್ತಿದರೆ ತೊಲೆಯ ಉದ್ದಕ್ಕೂ, ಒಂದಕ್ಕೊಂದು ಒತ್ತಿಕೊಂಡು, ಹೆಬ್ಬೆರಳ ಗಾತ್ರದ ಕಂದು ಜೀವಗಳು ತಲೆಕೆಳಗಾಗಿ ನೇತಾಡುತ್ತಿದ್ದವು. ಅವಳು ಸದ್ದಿಲ್ಲದೆ ಇಳಿದು ಬಂದು, ಅಟ್ಟದ ತುಂಬ ಬಾವಲಿ ಎಂದಳು. ಹಣ್ಣು ತಿನ್ನುವ ದೊಡ್ಡ ಬಾವಲಿ ಅಲ್ಲ ಅದು, ಹುಳ ಹಿಡಿಯುವ ಸಣ್ಣ ಜಾತಿ, ಕಣ್ಣಕಪ್ಪಡಿ, ಎಂದು ಅತ್ತೆ ತಿದ್ದಿದಳು. ಅತ್ತೆಗೆ ಕಿವಿ ಮಂದ, ಕಣ್ಣು ಮಾತ್ರ ಹದ್ದಿನದು. ಅಟ್ಟದ ಕಿಚಿಕಿಚಿ, ಪರಪರ ಒಂದೂ ಕೇಳದ ಕಾರಣ ಆ ಮನೆಯಲ್ಲಿ ಸುಖನಿದ್ರೆ ಮಾಡುತ್ತಿದ್ದವಳು ಅವಳೊಬ್ಬಳೇ.

ಚಳಿ ಬಿದ್ದಾಗ ಅವು ಹೋದವು. ಪೀಡೆ ತೊಲಗಿತು ಎಂದು ಕೊಡೆಯಕ್ಕ ಅಟ್ಟ ತೊಳೆದಳು. ಮುಂದಿನ ಬೇಸಿಗೆಗೆ ಹೇಳಿ ಕಳಿಸಿದಂತೆ ಅದೇ ತೊಲೆಗೆ, ಅದೇ ಜಾಗಕ್ಕೆ ಬಂದವು. ಅದರ ಮುಂದಿನ ವರ್ಷ ಇನ್ನಷ್ಟು ಬಂದವು. ಮಲಗುವ ಕೋಣೆಯ ಚಾವಣಿಯಲ್ಲಿ ಕಂದು ಕಲೆಯೊಂದು ದೋಸೆಯ ಹಾಗೆ ಅಗಲವಾಗುತ್ತ ಹೋಯಿತು. ಅದನ್ನಾದರೂ ಅವಳು ಸಹಿಸುತ್ತಿದ್ದಳೇನೋ. ಆದರೆ ಒಂದು ದಿನ ಬ್ಯಾಂಕಿನ ಗುಮಾಸ್ತೆಯೊಬ್ಬಳು ರಿಪೇರಿಯಾದ ಕೊಡೆಯನ್ನು ವಾಪಸು ತಂದು, ಬಿಡಿಸಿದರೆ ಏನೋ ವಾಸನೆ ಬರುತ್ತೆ ಅಕ್ಕಾ ಎಂದು ಮೆತ್ತಗೆ ಹೇಳಿಹೋದಳು. ಇಪ್ಪತ್ತೈದು ವರ್ಷದಲ್ಲಿ ಅವಳ ಕೈಯ ಕೆಲಸ ವಾಪಸು ಬಂದದ್ದು ಅದೇ ಮೊದಲು. 

ಗಂಡ ಸಮಾಧಾನಿ. ಎಲ್ಲದಕ್ಕೂ ಒಂದು ಉಪಾಯ ಇದ್ದೇ ಇರುತ್ತದೆ ಎಂದು ನಂಬಿದವನು. ಮೊದಲು ನುಸಿಗುಳಿಗೆ ತಂದು ಅಟ್ಟದ ತುಂಬ ಹರಡಿದ. ಆ ಘಾಟಿಗೆ ಮನೆಯವರೇ ಹಿತ್ತಲಲ್ಲಿ ಕೂರುವ ಹಾಗಾಯಿತು. ಬಾವಲಿಗಳು ತೊಲೆಯ ಈ ತುದಿಯಿಂದ ಆ ತುದಿಗೆ ಸರಿದವು, ಅಷ್ಟೇ. ಆಮೇಲೆ ಹಗಲೂ ಇರುಳೂ ಉರಿಯುವಂತೆ ಬಲ್ಬು ಕಟ್ಟಿದ. ಅವು ಬಲ್ಬಿನ ಬೆಳಕು ಬೀಳದ ಮೂಲೆ ಹುಡುಕಿಕೊಂಡವು. ಕೊನೆಗೆ ಯಾರೋ ಹೇಳಿದರೆಂದು ರೇಡಿಯೋ ಹಚ್ಚಿಟ್ಟ. ಅತ್ತೆ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. "ಬಾವಲಿ ಮನೆಗೆ ನೆಂಟರು ಹೋದ್ರೆ, ನಾವೂ ಜೋತು ಬಿದ್ದಿದ್ದೀವಿ ನೀವೂ ಜೋತು ಬೀಳಿ ಅಂದ್ವಂತೆ. ಇಲ್ಲಿ ನನ್ನ ಮಗ ನೆಂಟರಿಗೆ ದೀಪ ಹಾಕಿ, ಹಾಡೂ ಹಾಕಿಕೊಟ್ಟ. ಇನ್ನು ಅವು ಯಾಕಪ್ಪಾ ಹೋಗ್ತವೆ?"

ಆ ಮಾತು ನಾಟಿತೋ ಏನೋ, ನಾಲ್ಕನೆಯ ಬೇಸಿಗೆಯಲ್ಲಿ ಡ್ರೈವರ್ ಗಟ್ಟಿ ಮನಸ್ಸು ಮಾಡಿದ. ಬಾವಲಿಗಳು ಗೋಡೆಯ ತ್ರಿಕೋನದ ತುದಿಯಲ್ಲಿ, ಹಲಗೆ ಮತ್ತು ಇಟ್ಟಿಗೆಯ ನಡುವಿನ ಎರಡು ಸಂದುಗಳಿಂದ ಹೊರಗೆ ಹೋಗುವುದನ್ನು ನೋಡಿಟ್ಟುಕೊಂಡಿದ್ದ. ಒಂದು ಮುಸ್ಸಂಜೆ ಎಲ್ಲವೂ ಹಾರಿಹೋದ ಮೇಲೆ ಅಟ್ಟ ಹತ್ತಿ, ಒಳಗಿನಿಂದ ಎರಡಕ್ಕೂ ಸಿಮೆಂಟು ಮೆತ್ತಿ, ಕೈ ತೊಳೆದುಕೊಂಡು, ಇನ್ನು ಬರಲಿ ನೋಡೋಣ ಎಂದು ಮಲಗಿದ.

ಬೆಳಿಗ್ಗೆ ಕೊಡೆಯಕ್ಕನನ್ನು ಎಬ್ಬಿಸಿದ್ದು ಹಿಂದೆಂದೂ ಕೇಳದ ಒಂದು ಸಣ್ಣ ಚೀರಾಟ. ಕಿಟಕಿ ತೆರೆದರೆ ಮಾಡಿನ ಅಂಚಿನಲ್ಲಿ ಬಾವಲಿಗಳು, ಬೆಳಕು ಹರಿದರೂ ಹೋಗದೆ, ಮುಚ್ಚಿದ ಸಂದಿಗೆ ಬಂದು ಬಡಿದು, ಜಾರಿ, ಮತ್ತೆ ಬಂದು ಬಡಿಯುತ್ತಿದ್ದವು. ತೆರೆದ ಕಿಟಕಿಯಿಂದ ಎರಡು ಒಳಗೆ ನುಗ್ಗಿ ಪರದೆಗೆ ಅಂಟಿಕೊಂಡವು. ಅವಳು ಅಟ್ಟ ಹತ್ತಿದಳು. ತೊಲೆಯ ಮೇಲೆ ಇನ್ನೂ ಕೂದಲು ಸರಿಯಾಗಿ ಮೂಡದ ಮರಿಗಳು, ಕಡಲೆಕಾಯಿಯಷ್ಟು ಗಾತ್ರದವು, ಬಾಯಿ ತೆರೆದು ಕೂಗುತ್ತಿದ್ದವು. ಒಂದು ಕೆಳಗೆ ಬಿದ್ದು ಹಳದಿ ಕೊಡೆಬಟ್ಟೆಯ ಮಡಿಕೆಯಲ್ಲಿ ತೆವಳುತ್ತಿತ್ತು.

ಆ ಕ್ಷಣದಲ್ಲಿ ಅವಳಿಗೆ ಕೋಪ ಬಂದದ್ದು ಬಾವಲಿಗಳ ಮೇಲಲ್ಲ. ಏಣಿಯ ಬಾಯಿಂದ ಬಗ್ಗಿ, "ರೀ, ಉಳಿ ಸುತ್ತಿಗೆ ಕೊಡಿ. ಮೇಲೆ ಮಕ್ಕಳಿವೆ," ಎಂದಳು. ಡ್ರೈವರ್ ತಂದುಕೊಟ್ಟ. ಅವಳೇ ಹಸಿ ಸಿಮೆಂಟನ್ನು ಕೆತ್ತಿ ಸಂದು ಬಿಡಿಸಿದಳು. ಮೊದಲ ತೂತು ಬಿಚ್ಚಿಕೊಂಡ ಕೂಡಲೇ ಒಂದು ತಾಯಿ ಅವಳ ಕಿವಿಯ ಪಕ್ಕದಲ್ಲೇ ತೂರಿ ಬಂತು. ಬಿದ್ದ ಮರಿಯನ್ನು ದಪ್ಪ ಬಟ್ಟೆಯಲ್ಲಿ ಎತ್ತಿ ತೊಲೆಗೆ ತಾಗಿಸಿದಾಗ ಅದು ಉಗುರಿನಿಂದ ಮರವನ್ನು ಹಿಡಿದುಕೊಂಡಿತು. ಗಂಡ ಅಂದು ಡಿಪೋಗೆ ಹೋಗುವವರೆಗೂ ತಲೆ ಎತ್ತಲಿಲ್ಲ. ನನಗೇನು ಗೊತ್ತು ಒಳಗೆ ಬಾಣಂತಿಯರಿದ್ದಾರೆ ಅಂತ ಎಂದು ಹೊಸಿಲಲ್ಲಿ ಒಂದು ಸಲ ಹೇಳಿದ. ಗೊತ್ತಿರಲಿಲ್ಲ ಬಿಡಿ, ನನಗೂ ಗೊತ್ತಿರಲಿಲ್ಲ ಎಂದು ಅವಳು ತಿಂಡಿಯ ಡಬ್ಬಿ ಕೈಗಿತ್ತಳು.

ಅದಾದ ವಾರಕ್ಕೆ ಅಂಗಡಿಗೆ ಒಬ್ಬರು ವಿಜ್ಞಾನದ ಟೀಚರ್ ಬಂದರು. ನಿವೃತ್ತರಾಗಿದ್ದರೂ ಬೀದಿಯವರಿಗೆ ಅವರು ಈಗಲೂ ಟೀಚರೇ. ಕೊಡೆಯ ಗುಂಡಿ ಸರಿಯಾಗುವಷ್ಟು ಹೊತ್ತು ಕೂತಿದ್ದವರ ಮುಂದೆ ಕೊಡೆಯಕ್ಕ ಎಲ್ಲ ಕಥೆ ಹೇಳಿಕೊಂಡಳು. ಟೀಚರ್ ಗಂಭೀರವಾಗಿ ಕೇಳಿಸಿಕೊಂಡರು. ಆ ಬಾವಲಿಗಳು ಪ್ರತಿವರ್ಷ ಹೆರುವುದಕ್ಕೆ ಒಂದೇ ಜಾಗಕ್ಕೆ ಬರುತ್ತವೆ, ಹೆಣ್ಣುಮರಿಗಳು ದೊಡ್ಡವಾಗಿ ತಾವೂ ಅಲ್ಲಿಗೇ ಬರುತ್ತವೆ ಎಂದರು. ಹೊಗೆ, ಔಷಧಿ, ಬೆಳಕು ಯಾವುದರಿಂದಲೂ ಉಪಯೋಗವಿಲ್ಲ. ಬರಿಗೈಯಲ್ಲಿ ಮಾತ್ರ ಮುಟ್ಟಬಾರದು, ಕಚ್ಚಿದರೆ ಅಂದೇ ಆಸ್ಪತ್ರೆಗೆ ಹೋಗಬೇಕು.

"ಮತ್ತೆ ಕಳಿಸೋದು ಹೇಗೆ ಟೀಚರ್?"

"ಕಳಿಸಬೇಡಿ. ಅವೇ ಹೋಗ್ಲಿ. ನೀವು ವಾಪಸ್ ಬರೋ ದಾರಿ ಮಾತ್ರ ಮುಚ್ಚಿ. ಆದ್ರೆ ಈಗಲ್ಲ. ಮರಿಗಳು ಹಾರೋದು ಕಲಿಯೋವರೆಗೂ ಕಾಯ್ಬೇಕು. ಚಳಿ ಬೀಳೋವರೆಗೆ ಬಿಟ್ರೂ ಕಷ್ಟ, ಕೆಲವು ಚಳಿ ಮುಗಿಯೋವರೆಗೂ ಒಳಗೇ ಮಲಗಿಬಿಡ್ತವೆ. ಎರಡರ ನಡುವೆ ಮಾಡಿ ಮುಗಿಸಬೇಕು."

ಹೊರಗೆ ಹೋಗಲು ಆಗಬೇಕು, ಒಳಗೆ ಬರಲು ಆಗಬಾರದು, ಅಂಥದ್ದೊಂದು ಬಾಗಿಲು ಬೇಕು ಎಂದು ಟೀಚರ್ ವಿವರಿಸಿದರು. ಎರಡೂ ಕಡೆ ಬಾಯಿರುವ ಒಂದು ಬಟ್ಟೆಯ ಚೀಲ. ಮೇಲಿನ ಬಾಯಿಯನ್ನು ಸಂದಿನ ಸುತ್ತ ಬಿಗಿದರೆ ಉಳಿದದ್ದು ಕೆಳಗೆ ನೇತಾಡುತ್ತದೆ; ಬಾವಲಿ ಅದರೊಳಗೆ ಜಾರಿ ಕೆಳಗಿನಿಂದ ಹಾರಿಹೋಗುತ್ತದೆ, ಮರಳಿ ಬಂದಾಗ ಹಳೆಯ ವಾಸನೆ ಹಿಡಿದು ಸಂದಿನ ಹತ್ತಿರವೇ ಹುಡುಕುತ್ತದೆ ಹೊರತು ಕೆಳಗಿನ ಬಾಯಿ ಅದಕ್ಕೆ ಹೊಳೆಯುವುದಿಲ್ಲ. ಹೊಲಿಯೋದು ತಾನೇ, ಅದು ನನಗೆ ಬಿಡಿ ಎಂದಳು ಕೊಡೆಯಕ್ಕ.

ಆ ಬೇಸಿಗೆಯ ಉಳಿದ ದಿನಗಳು ಕಾಯುವುದರಲ್ಲೇ ಕಳೆದವು. ಬೇಕಾದ ಬಟ್ಟೆ, ಕಡ್ಡಿಗಳನ್ನೆಲ್ಲ ಅವಳು ಕೆಳಗಿಳಿಸಿ ಮಂಚದ ಅಡಿಗೆ ತುರುಕಿದಳು. ಅತ್ತೆಗೆ ಒಂದು ಉದ್ಯೋಗ ಸಿಕ್ಕಿತು: ಸಂಜೆಯಾದರೆ ಜಗುಲಿಯ ಕುರ್ಚಿಯನ್ನು ಅಂಗಳಕ್ಕೆ ಹಾಕಿಸಿಕೊಂಡು, ಮಾಡಿನ ತುದಿಗೆ ಕಣ್ಣು ನೆಟ್ಟು, ಹೊರಡುವ ಬಾವಲಿಗಳನ್ನು ಎಣಿಸುವುದು. ಮೊದಲು ಐವತ್ತೆರಡು ಇದ್ದವು. ಒಂದು ತಿಂಗಳು ಹಾಗೇ ಇತ್ತು. ಆಮೇಲೊಂದು ಸಂಜೆ ಅವಳು ಎಂಬತ್ತೊಂದರವರೆಗೆ ಎಣಿಸಿ, "ಮರಿಗಳು ಹಾರಿದ್ವು ಕಣೇ," ಎಂದು ಒಳಗೆ ಕೂಗಿ ಹೇಳಿದಳು. ಕೊಡೆಯಕ್ಕ ಒಲೆ ಆರಿಸಿ ಓಡಿ ಬಂದಳು. ಎಳೆಯವು ಯಾವುವೆಂದು ಹಾರುವ ರೀತಿಯಲ್ಲೇ ತಿಳಿಯುತ್ತಿತ್ತು; ಬಸ್ ಕಲಿಯುವವನ ಹಾಗೆ ತಿರುವಿನಲ್ಲಿ ಅಗತ್ಯಕ್ಕಿಂತ ಅಗಲ ಹೋಗುತ್ತಿದ್ದವು ಎಂದು ಡ್ರೈವರ್ ಹೇಳಿದ. ಖಾತ್ರಿಗೆ ಇನ್ನೂ ಎರಡು ವಾರ ಬಿಟ್ಟರು.

ಮೊದಲ ಕೆಲಸ ಸಂದು ಹುಡುಕುವುದು. ಡ್ರೈವರ್ ಬಸ್ಸಿನ ಸೀಟಿಗಿಂತ ಎತ್ತರ ಹತ್ತಿದರೆ ತಲೆ ತಿರುಗುವ ಮನುಷ್ಯ. ಅಟ್ಟದೊಳಗೆ ಪರವಾಗಿಲ್ಲ, ಹೊರಗಿನ ಏಣಿ ಮಾತ್ರ ಬೇಡ. ಹಾಗಾಗಿ ಬಣ್ಣ ಬಳಿಯುವವನಿಂದ ಕೇಳಿ ತಂದ ಉದ್ದದ ಏಣಿಯ ಮೇಲೆ ಕೊಡೆಯಕ್ಕ, ಒಳಗೆ ಗಂಡ. ನಡುಹಗಲಲ್ಲಿ ಅವನು ಕತ್ತಲ ಅಟ್ಟದಲ್ಲಿ ಸದ್ದು ಮಾಡದೆ ಕೂತು, ಎಲ್ಲೆಲ್ಲಿ ಬೆಳಕಿನ ಗೆರೆ ಕಾಣುತ್ತದೋ ಅಲ್ಲಿ ಕೊಡೆಕಡ್ಡಿಯ ತುದಿಗೆ ಕೆಂಪು ದಾರ ಕಟ್ಟಿ ಹೊರಗೆ ತಳ್ಳುತ್ತಿದ್ದ. ದಾರ ಇಣುಕಿದಲ್ಲಿ ಅವಳು ಸೀಮೆಸುಣ್ಣದಿಂದ ಗುರುತು ಹಾಕುತ್ತಿದ್ದಳು. ಕೆಳಗೆ ಕುರ್ಚಿಯಲ್ಲಿ ಕೂತ ಅತ್ತೆ, ಎಡಕ್ಕೆ, ಇನ್ನೂ ಎಡಕ್ಕೆ, ನಿನ್ನ ಮೂಗಿನ ಮುಂದೇ ಇದೆ ನೋಡು ಎಂದು ನಿರ್ದೇಶನ ಕೊಡುತ್ತಿದ್ದಳು. ಬಾವಲಿಗಳು ಓಡಾಡುವ ಎರಡು ಹೆದ್ದಾರಿಗಳ ಜೊತೆಗೆ ಇನ್ನೂ ಹದಿನೇಳು ಸಂದು ಸಿಕ್ಕವು. ಕಿರುಬೆರಳು ತೂರುವಷ್ಟಿದ್ದರೆ ಬಾವಲಿಗೆ ಸಾಕು ಎಂದು ಟೀಚರ್ ಎಚ್ಚರಿಸಿದ್ದರು. ಆ ಹದಿನೇಳನ್ನೂ ಗಾರೆ, ಮರದ ಪಟ್ಟಿ, ಸಣ್ಣ ಕಣ್ಣಿನ ತಂತಿಬಲೆ ಹಾಕಿ ಮುಚ್ಚಿದರು. ಸುತ್ತ ಎಣ್ಣೆಜಿಡ್ಡಿನಂಥ ಕಂದು ಕಲೆ ಹಿಡಿದಿದ್ದ ಎರಡು ಹೆದ್ದಾರಿಗಳನ್ನು ಮಾತ್ರ ಉಳಿಸಿದರು.

ಚೀಲಗಳನ್ನು ಅವಳು ಹಳೆಯ ಪರದೆ ಬಟ್ಟೆಯಲ್ಲಿ ಹೊಲಿದಳು. ಗಟ್ಟಿಯಾಗಿರಲಿ ಎಂಬ ಯೋಚನೆ. ಮೊಳದುದ್ದ, ನೀಟಾದ ಎರಡು ಚೀಲ. ಸಂಜೆ ಬಾವಲಿಗಳು ಒಂದೊಂದಾಗಿ ಅದರಿಂದ ಜಾರಿ ಬಿದ್ದು ಹಾರಿದವು. ಮೂವರೂ ಅಂಗಳದಿಂದ ನೋಡಿದರು. ಅರ್ಧ ಗಂಟೆ ಕಳೆದಿರಲಿಲ್ಲ, ಅತ್ತೆ ಬೆರಳು ತೋರಿಸಿದಳು. ಬೇಗ ಹೊಟ್ಟೆ ತುಂಬಿಸಿಕೊಂಡು ಬಂದ ಒಂದು ಬಾವಲಿ ಪರದೆ ಬಟ್ಟೆಯ ನೂಲಿಗೆ ಉಗುರು ಸಿಕ್ಕಿಸಿ, ತೆವಳಿ, ಚೀಲದ ಒಳಗಿನಿಂದಲೇ ಮನೆ ಸೇರಿತು. ಅದರ ಹಿಂದೆ ಇನ್ನೊಂದು.

 ಕೊಡೆಯಕ್ಕ ಹಣೆಗೆ ಕೈ ಹಚ್ಚಿ ನಕ್ಕುಬಿಟ್ಟಳು. ಮನೆ ತುಂಬ ಕೊಡೆಬಟ್ಟೆ ಇಟ್ಟುಕೊಂಡು ಪರದೆ ಹರಿದಿದ್ದಳು ಅವಳು. ನೀರೇ ನಿಲ್ಲದೆ ಜಾರುವ ಬಟ್ಟೆಯ ಮೇಲೆ ಉಗುರು ನಿಲ್ಲುವುದುಂಟೇ? ಮರುದಿನ ಅಂಗಡಿಯಲ್ಲಿ ಕೂತು, ಕಪ್ಪು ಕೊಡೆಬಟ್ಟೆಯ ಎಂಟು ತುಂಡುಗಳನ್ನು ಸೇರಿಸಿ, ಹೊಲಿಗೆಯ ಅಂಚು ಒಳಗೆ ತಾಗದಂತೆ ಹೊರಕ್ಕೆ ಮಡಿಸಿ ಎರಡು ಹೊಸ ಚೀಲ ಮಾಡಿದಳು. ಏನಕ್ಕಾ, ಕಾಲಿಲ್ಲದವರಿಗೆ ಪ್ಯಾಂಟಾ ಎಂದು ಚಪ್ಪಲಿ ಅಂಗಡಿಯವನು ಕೇಳಿದ. ತಲೆಕೆಳಗಾಗಿ ನಿಲ್ಲೋವ್ರಿಗೆ ಎಂದಳು.

ಈ ಸಲ ಹೋದವು ಹೋದವೇ. ಮರಳಿ ಬಂದವು ಬಟ್ಟೆಗೆ ತಾಗಿ ಜಾರಿ, ಎರಡು ಸುತ್ತು ಹೊಡೆದು, ಬೀದಿ ತುದಿಯ ಮರಗಳ ಕಡೆಗೆ ಹೊರಟುಹೋದವು. ಚೀಲಕ್ಕೆ ಅಂಜಿ ಕೆಲವು ತಡಮಾಡಿದವು; ಅತ್ತೆಯ ಲೆಕ್ಕ ಮೊದಲ ಸಂಜೆಯ ಅರವತ್ತೆರಡರಿಂದ ಒಂಬತ್ತಕ್ಕೆ, ಆರಕ್ಕೆ, ಮೂರಕ್ಕೆ ಇಳಿದು, ಐದನೆಯ ಸಂಜೆ ಒಂದಕ್ಕೆ ಬಂತು. ಆ ಒಂದು ಚೀಲದಿಂದ ಅರ್ಧ ಹೊರಗೆ ಇಣುಕಿ, ಮತ್ತೆ ಒಳಗೆ ಹೋಗಿಬಿಟ್ಟಿತು. ಡ್ರೈವರ್ ಮೇಲೆ ಹೋಗಿ ಓಡಿಸಲೇ ಎಂದ. ಅತ್ತೆ ಬೇಡವೆಂದಳು.

"ನನ್ನ ಹಾಗೆ ಯಾವುದೋ ಮುದುಕಿ ಇರ್ಬೇಕು. ಮನೆ ಬಿಡೋದು ಅಂದ್ರೆ ಸುಮ್ನೆ ಅಲ್ಲ. ಅವಸರ ಮಾಡ್ಬೇಡಿ."

ಮುದುಕಿ ಇನ್ನೂ ಎರಡು ಸಂಜೆ ತೆಗೆದುಕೊಂಡಿತು. ಮೂರನೆಯ ಸಂಜೆ, ಗಾಳಿ ಬೆಚ್ಚಗಿದ್ದಾಗ, ಕಪ್ಪು ಚೀಲದಿಂದ ಉದುರಿ, ಅಂಗಳದ ಮೇಲೆ ತಗ್ಗಿನಲ್ಲೇ ಹಾರಿ, ಬೇಲಿ ದಾಟಿ ಹೋಯಿತು. ಆ ದಿನ ಮನೆಯಲ್ಲಿ ಯಾರೂ ಗೆದ್ದೆವೆಂದು ಕುಣಿಯಲಿಲ್ಲ.  ಇನ್ನೂ ಮೂರು ದಿನ ಅಟ್ಟದಲ್ಲಿ ಏನೂ ಅಲುಗಾಡದ್ದನ್ನು ನೋಡಿಕೊಂಡು ಕೊಡೆಯಕ್ಕ ಚೀಲ ಬಿಚ್ಚಿ ಎರಡು ಹೆದ್ದಾರಿಗಳಿಗೂ ಬಲೆ ಬಡಿದು ಗಾರೆ ಮೆತ್ತಿದಳು. ಕೆಳಗೆ ಗಂಡ ಗಾರೆ ಕಲಸಿ, ಏಣಿಯನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು, ಕಣ್ಣು ಮುಚ್ಚಿ ನಿಂತಿದ್ದ. ಅಟ್ಟದ ಹಿಕ್ಕೆಯನ್ನು ಟೀಚರ್ ಹೇಳಿದಂತೆ ಮೂಗುಬಾಯಿಗೆ ಬಟ್ಟೆ ಬಿಗಿದು, ನೀರು ಚಿಮುಕಿಸಿ ಒದ್ದೆ ಮಾಡಿಯೇ ಬಾಚಿದರು. ಮೂರು ಗೋಣಿಚೀಲ ಆಯಿತು. ಅದನ್ನು ಹೂಳಿದ ಜಾಗದಲ್ಲಿ ಕುಂಬಳದ ಬಳ್ಳಿ ಹಿತ್ತಲು ಸಾಲದೆ ಪಕ್ಕದ ಮನೆಯ ಗೋಡೆ ಹತ್ತಿತು.

ಅತ್ತೆಗೆ ಮಾತ್ರ ಸಂಜೆಯ ಹೊತ್ತು ಕೈ ಕಟ್ಟಿ ಹಾಕಿದಂತಾಯಿತು. ಹೊರಗೆ ಹಾಕಿದ ಮೇಲೆ ಇರೋದಕ್ಕೊಂದು ಜಾಗ ತೋರಿಸಬೇಕು ಎಂದು ಹಟ ಹಿಡಿದಳು. ಟೀಚರೂ ಒಪ್ಪಿದರು; ಒಂದೊಂದು ಬಾವಲಿ ರಾಶಿ ರಾಶಿ ಸೊಳ್ಳೆ ಹುಳ ತಿನ್ನುತ್ತದಂತೆ. ಡ್ರೈವರ್ ಹಳೆಯ ಹಲಗೆಗಳಿಂದ ಚಪ್ಪಟೆಯಾದ ಒಂದು ಪೆಟ್ಟಿಗೆ ಮಾಡಿದ. ಕೆಳಗೆ ಮಾತ್ರ ಸಂದು, ಒಳಗಿನ ಮರವನ್ನು ಉಗುರು ನಿಲ್ಲಲಿ ಎಂದು ಉಳಿಯಿಂದ ಒರಟು ಮಾಡಿದ್ದ. ಹಿತ್ತಲ ಗೋಡೆಯ ಎತ್ತರದಲ್ಲಿ, ಬಿಸಿಲು ಬೀಳುವ ಕಡೆ, ಕೊಡೆಯಕ್ಕ ಅದನ್ನು ಬಿಗಿದಳು.

ಮುಂದಿನ ಬೇಸಿಗೆಗೆ ಬಾವಲಿಗಳು ಹೇಳಿ ಕಳಿಸಿದ ಹಾಗೆ ಮತ್ತೆ ಬಂದವು. ಹಳೆಯ ಸಂದುಗಳ ಮುಂದೆ ನಾಲ್ಕು ಸಂಜೆ ಸುತ್ತು ಹೊಡೆದವು. ಪೆಟ್ಟಿಗೆಯ ಕಡೆ ಮೂಸಿಯೂ ನೋಡಲಿಲ್ಲ. ಐದನೆಯ ದಿನ ಅಟ್ಟದಲ್ಲಿ ಪರಪರ ಸದ್ದು. ಕೊಡೆಯಕ್ಕ ಏಣಿ ಹತ್ತಿದಳು. ಟಾರ್ಚ್ ಹಿಡಿದರೆ ಮೂರು ನೇತಾಡುತ್ತಿದ್ದವು. ಅವು ಬಂದದ್ದು ಅಡುಗೆಮನೆಯ ಹೊಗೆಕೊಳವೆ ಮಾಡಿಗೆ ಸೇರುವಲ್ಲಿದ್ದ ಸಂದಿನಿಂದ. ಅಲ್ಲಿ ಬೆಳಕು ಒಳಗೆ ಬೀಳದ ಕಾರಣ ಕೆಂಪು ದಾರಕ್ಕೆ ಅದು ಸಿಕ್ಕಿರಲಿಲ್ಲ. ಇನ್ನೂ ಮರಿ ಹಾಕುವ ಕಾಲ ಬಂದಿರಲಿಲ್ಲ. ಅಂದೇ ಚೀಲ ಕಟ್ಟಿದಳು, ನಾಲ್ಕು ದಿನದಲ್ಲಿ ಅವು ಹೊರಗೆ, ಸಂದು ಬಂದ್. ಆ ವರ್ಷದಿಂದ ಈಚೆಗೆ ಅಟ್ಟಕ್ಕೆ ಒಂದು ಬಾವಲಿಯೂ ಬಂದಿಲ್ಲ.

ಉಳಿದವು ಎಲ್ಲಿಗೆ ಹೋದವೆಂಬುದು ಆಮೇಲೆ ಗೊತ್ತಾಯಿತು. ಡ್ರೈವರ್ ಒಂದು ದಿನ ಡ್ಯೂಟಿ ಮುಗಿಸಿ, ನಗು ತಡೆಯಲಾಗದೆ ಮನೆಗೆ ಬಂದ. ಬಸ್ ಡಿಪೋದ ಟಿಕೆಟ್ ಕೋಣೆಯ ಮೇಲಿನ ಮಾಳಿಗೆಯಲ್ಲಿ ಬಾವಲಿ ಸೇರಿವೆಯಂತೆ, ಮ್ಯಾನೇಜರ್ ಸಿಮೆಂಟು ತರಿಸಿದ್ದಾನಂತೆ. ನಮ್ಮನೆಯವಳನ್ನು ಕೇಳದೆ ಕೈ ಹಚ್ಚಬೇಡಿ ಸಾರ್ ಎಂದು ಅವನು ಹೇಳಿ ಬಂದಿದ್ದ. ಮರುದಿನ ಮ್ಯಾನೇಜರ್ ಖುದ್ದಾಗಿ ಅಂಗಡಿಗೆ ಬಂದು, ಗೂಡಿನ ಮುಂದೆ ತಲೆ ಬಗ್ಗಿಸಿ ನಿಂತ. ಕೊಡೆಯಕ್ಕ ಕಡ್ಡಿಯಿಂದ ಕಣ್ಣು ಎತ್ತದೆ, ಒಳಗೆ ಬಾಣಂತಿಯರಿದ್ದಾರೆ, ಈಗ ಆಗಲ್ಲ, ಎರಡು ತಿಂಗಳು ಬಿಟ್ಟು ಬನ್ನಿ ಎಂದಳು. ಅವನು ಅವಸರ ಇದೆ ಎಂದ. ನಮ್ಮತ್ತೆ ಬಂದು ಎಣಿಸಿ, ಮರಿ ಹಾರಿವೆ ಅಂದ ಮೇಲೇ ಏಣಿ ಇಡೋದು ಎಂದು ಅವಳು ಸೂಜಿಗೆ ದಾರ ಪೋಣಿಸಿದಳು.

ಹಾಗೆ ಅತ್ತೆಯ ಕುರ್ಚಿ ಆ ವರ್ಷ ಹನ್ನೆರಡು ಸಂಜೆ ಡಿಪೋದ ಅಂಗಳದಲ್ಲಿ ಇತ್ತು. ಕಂಡಕ್ಟರುಗಳು ಟೀ ತಂದುಕೊಟ್ಟು, ಅಜ್ಜಿ ಎಷ್ಟಾಯಿತು ಎಂದು ಕೇಳುತ್ತಿದ್ದರು. ನಡುವೆ ಮಾತಾಡಿಸಿದರೆ ಲೆಕ್ಕ ತಪ್ಪುತ್ತೆ ಎಂದು ಅವಳು ಗದರುತ್ತಿದ್ದಳು. ಡಿಪೋ ಆದ ಮೇಲೆ ಶಾಲೆಯ ಗ್ರಂಥಾಲಯ, ಅದಾದ ಮೇಲೆ ಟೀಚರ್ ಅವರದೇ ಅಣ್ಣನ ಮನೆ. ಈಗ ಕೊಡೆಯಕ್ಕನ ಅಂಗಡಿಯಲ್ಲಿ ಕೊಡೆಗಳ ಪಕ್ಕದಲ್ಲಿ ಕಪ್ಪು ಬಟ್ಟೆಯ ನಾಲ್ಕೈದು ಚೀಲಗಳು ಯಾವಾಗಲೂ ನೇತಾಡುತ್ತಿರುತ್ತವೆ. ಪ್ರತಿವರ್ಷ ಚಳಿ ಮುಗಿಯುವ ಮೊದಲು ಒಂದು ಭಾನುವಾರ ಗಂಡ ಹೆಂಡತಿ ತಮ್ಮ ಅಟ್ಟವನ್ನು ಮೂಲೆಮೂಲೆಗೆ ತಡವಿ, ಎಲ್ಲಾದರೂ ಗಾರೆ ಬಿರುಕು ಬಿಟ್ಟಿದ್ದರೆ ಮೆತ್ತುತ್ತಾರೆ. ಹಿತ್ತಲ ಪೆಟ್ಟಿಗೆ ಮೂರು ವರ್ಷ ಖಾಲಿ ಇತ್ತು. ಈ ಬೇಸಿಗೆ ಅದರ ಕೆಳಗಿನ ನೆಲದಲ್ಲಿ ಜೀರಿಗೆಯಂಥ ಕಾಳು ಬಿದ್ದಿದ್ದನ್ನು ಮೊದಲು ಕಂಡವಳು ಅತ್ತೆ. ಅವಳೀಗ ಎಂಬತ್ತಾರು. ಹಿತ್ತಲಿಗೆ ಕುರ್ಚಿ ಹಾಕಿಸಿಕೊಂಡಿದ್ದಾಳೆ. ಈವರೆಗೆ ಹದಿನಾಲ್ಕು ಎಣಿಸಿದ್ದಾಳೆ.